ಕೋಳಿಮರಿ ಸಾಕುವವರಿಗೆ ಎಂಟು ಸೂಚನೆಗಳು

ಕೋಳಿ ಸಾಕುವವರಿಗೆ ಬುದ್ಧಿ ಹೇಳುವ ನೌಕರಿಯನ್ನು ನಾನು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಮಾಡಿದೆ. ಇಷ್ಟು ವರ್ಷಗಳಲ್ಲಿ ನಾನು ಹೇಳಿದ್ದನ್ನು ಹೇಳಿದ ಹಾಗೆಯೇ, ಒಂದಕ್ಷರ ಬಿಡದೆ ಮಾಡಿದವಳು ಒಬ್ಬಳೇ. ಸಿಂದಗಿ ತಾಲ್ಲೂಕಿನ ಹುಸೇನಬಿ. ಹಾಗೆ ಮಾಡಿದ್ದಕ್ಕೇ ಆಕೆ ಸಾಯುವುದರಲ್ಲಿದ್ದಳು. ಮಾತು ಕೇಳದ ಉಳಿದವರೆಲ್ಲ ಆರಾಮಾಗಿದ್ದಾರೆ.

ನಿವೃತ್ತಿಯಾಗಿ ಎರಡು ವರ್ಷವಾಯಿತು. ಪಶು ಪರೀಕ್ಷಕರಾಗಿ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬಂದು, ಫೀಲ್ಡಿನಲ್ಲಿ ಏನೇನು ಇರುತ್ತದೆ ಎಂದು ಕೇಳುತ್ತಾರೆ. ಎಮ್ಮೆಗೆ ಸೂಜಿ ಹಾಕುವುದು, ಕರು ತೆಗೆಯುವುದು ಅವರಿಗೆ ಕಾಲೇಜಿನಲ್ಲಿ ಕಲಿಸಿರುತ್ತಾರೆ. ಕೋಳಿಯ ಬಗ್ಗೆ ಯಾರಿಗೂ ಗಂಭೀರವಾಗಿ ಕೇಳಬೇಕೆನಿಸುವುದಿಲ್ಲ. ಎಮ್ಮೆ ನೋಡಲು ಡಾಕ್ಟರು, ಕೋಳಿ ನೋಡಲು ನಾನು ಎಂಬಂತೆಯೇ ನನ್ನ ಸರ್ವೀಸು ಮುಗಿದದ್ದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆ ಕೆಲಸ ಮಾಡಿದ್ದೇನೆ. ಕೊನೆಯ ಕೆಲವು ವರ್ಷ ನಾಲ್ಕೂ ಕಡೆಯ ಹಿತ್ತಲ ಕೋಳಿಗಳ ಉಸಾಬರಿ ನನ್ನೊಬ್ಬನದೇ ಆಗಿತ್ತು. ಆದ್ದರಿಂದ ಬರೆಯುತ್ತಿದ್ದೇನೆ. ಯಾರಾದರೂ ಓದಿದರೆ ಸಂತೋಷ, ಓದಿದ ಹಾಗೆಯೇ ನಡೆದುಕೊಂಡರೆ ಮಾತ್ರ ನನಗೆ ಹೆದರಿಕೆ.

ಮೊದಲು ತಿಳಿಯಬೇಕಾದದ್ದು, ಹಿತ್ತಲಲ್ಲಿ ಕೋಳಿ ಸಾಕುವ ಮನೆಯಲ್ಲಿ ಪ್ರತಿಯೊಂದೂ ಸುದ್ದಿಯೇ. ಮರಿಯ ರೆಕ್ಕೆಯಲ್ಲಿ ಮೊದಲ ಗರಿ ಮೂಡಿದರೆ ಸುದ್ದಿ. ಹುಂಜದ ಮರಿ ಮೊದಲ ಸಲ ಕೂಗಲು ಹೋಗಿ ಗಂಟಲು ಹರಿದ ಪೀಪಿಯಂತೆ ಸದ್ದು ಮಾಡಿದರೆ ಸುದ್ದಿ. ಮೊದಲ ತತ್ತಿ ಬಿದ್ದ ದಿನವಂತೂ ಊರಿಗೆಲ್ಲ ಗೊತ್ತಾಗಬೇಕು. ಆ ತತ್ತಿ ಪಾರಿವಾಳದ ತತ್ತಿಯಷ್ಟು ಇರುತ್ತದೆ, ಮೇಲೆ ಒಂದು ರಕ್ತದ ಗೆರೆಯೂ ಇರಬಹುದು. ಅದನ್ನು ಸೆರಗಿನಲ್ಲಿ ಇಟ್ಟುಕೊಂಡು ನಾಲ್ಕು ಮನೆಗೆ ತೋರಿಸಿ ಬಂದ ಮೇಲೆ ನನಗೆ ಫೋನು. ನಾನು ಬಸ್ಸಿನಲ್ಲಿ ನಿಂತಿರಲಿ, ಊಟಕ್ಕೆ ಕೂತಿರಲಿ, ಫೋನು.

ನಿಡಗುಂದಿ ಕಡೆಯ ಒಬ್ಬಾಕೆ ಮೊದಲ ತತ್ತಿಯನ್ನು ಹತ್ತಿಯಲ್ಲಿ ಸುತ್ತಿಕೊಂಡು ಎರಡು ಬಸ್ಸು ಬದಲಿಸಿ ಆಸ್ಪತ್ರೆಗೇ ಬಂದಿದ್ದಳು.

"ನೋಡ್ರಿ ಸರ್, ಇಟ್ಟೈತಿ."

"ನೋಡಿದ್ನಿ. ಕೋಳಿ ಅಂದ್ಮ್ಯಾಲ ತತ್ತಿ ಇಡ್ತದವ್ವ. ಇದನ್ನ ತೋರ್ಸಾಕ ಇಲ್ಲೀ ತನ ಬಂದ್ಯೇನು?"

"ನಿಮ್ಮ ಕೋಳಿ ಅಲ್ರಿ? ಅದಕ್ಕ ತಂದೇನಿ. ತಗೋರಿ, ಮನ್ಯಾಗ ತಿನ್ರಿ."

ನಮ್ಮ ಮನೆಯಲ್ಲಿ ತತ್ತಿ ತಿನ್ನುವುದಿಲ್ಲ. ಕೋಳಿ ಮುಟ್ಟಿ ಬಂದ ದಿನ ಸ್ನಾನ ಮಾಡದೆ ಅಡುಗೆಮನೆಗೆ ಹೋಗಲು ನನ್ನ ಹೆಂಡತಿ ಬಿಡುತ್ತಿರಲಿಲ್ಲ, ಅಂದರೆ ವಾರಕ್ಕೆ ಆರು ದಿನ. ಇದನ್ನು ಹೇಳಿದರೆ ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. "ತತ್ತಿ ತಿನ್ನದಾವ್ರ ಕಡೆ ಕೋಳಿ ಇಲಾಖೆ ಕೊಟ್ಟಾರಲ್ರಿ" ಅಂದಳು. ಮೇಜಿನ ಮೇಲಿನ ತತ್ತಿ ಸಂಜೆಯವರೆಗೂ ಹಾಗೇ ಇತ್ತು. ಕೊನೆಗೆ ವಾಚಮನ್ ಒಯ್ದ.

ಎರಡನೆಯದಾಗಿ, ಇವರಿಗೆ ಹೇಳಿ ಪ್ರಯೋಜನವಿಲ್ಲ. ಬಿಸಿಲೇರುವ ಮೊದಲೇ ಕೋಳಿಗಳನ್ನು ಹಿಡಿದಿಡಿ, ಲಸಿಕೆ ಹಾಕಬೇಕು ಎಂದು ಹಿಂದಿನ ದಿನ ಡಂಗುರ ಹೊಡೆಸಿದರೂ, ನಾನು ಹೋಗುವ ಹೊತ್ತಿಗೆ ಕೋಳಿಗಳೆಲ್ಲ ಹೊಲದಲ್ಲಿರುತ್ತಿದ್ದವು. ಲಸಿಕೆಯನ್ನು ಥರ್ಮಾಸ್ ಫ್ಲಾಸ್ಕಿನಲ್ಲಿ ಐಸು ಹಾಕಿ ತರುತ್ತಿದ್ದೆ. ಐಸು ಕರಗುವುದರೊಳಗೆ ಕೆಲಸ ಮುಗಿಯಬೇಕು. ನಾನು ಪ್ಯಾಂಟು ಮಡಚಿಕೊಂಡು ಜೋಳದ ಸಾಲಿನಲ್ಲಿ ಕೋಳಿ ಹಿಡಿಯುವುದನ್ನು ಕಟ್ಟೆಯ ಮೇಲೆ ಕೂತವರು ನೋಡುತ್ತಿದ್ದರು. "ಎಡಕ್ಕ ಹೋತ್ರಿ ಸರ್, ಎಡಕ್ಕ" ಎಂದು ದಾರಿ ಹೇಳುವಷ್ಟು ಸಹಾಯ ಮಾಡುತ್ತಿದ್ದರು. ರೋಗ ಬಂದು ಕೋಳಿ ಸತ್ತ ಮೇಲೆ, "ನಿಮ್ಮ ಸೂಜಿಲೇ ಸತ್ತಾವ" ಎಂದೂ ಅವರೇ ಹೇಳುತ್ತಿದ್ದರು.

ನಾನು ಹೇಳಿದ್ದೆಲ್ಲ ಸರಿಯಿತ್ತು ಎಂದೇನೂ ಅಲ್ಲ. ಮನಗೂಳಿಯಲ್ಲಿ ಒಬ್ಬ ಮುದುಕಿಯ ಹೇಂಟೆ ಏಳು ತಿಂಗಳಾದರೂ ತತ್ತಿ ಇಡುತ್ತಿಲ್ಲ ಎಂದು ದೂರು ಬಂತು. ಸುಣ್ಣದ ಅಂಶ ಕಡಿಮೆಯಾಗಿದೆ ಎಂದು ಅರ್ಧ ತಾಸು ವಿವರಿಸಿ, ಕಪ್ಪೆಚಿಪ್ಪಿನ ಪುಡಿ ತಿನ್ನಿಸಲು ಹೇಳಿ ಬಂದೆ. ತಿಂಗಳಾದ ಮೇಲೆ ಕೋಳಿಯೇ ಕಾಣೆಯಾಯಿತು, ಬೆಕ್ಕು ಒಯ್ದಿರಬೇಕು ಎಂದೆ. ಇನ್ನೂ ಸ್ವಲ್ಪ ದಿನಕ್ಕೆ ಆ ಕೋಳಿ ಪಕ್ಕದ ಮನೆಯ ಬಣವೆಯ ಬುಡದಿಂದ ಹನ್ನೊಂದು ಮರಿಗಳನ್ನು ಹಿಂದೆ ಹಾಕಿಕೊಂಡು ಬೀದಿಗೆ ಬಂತು. ಅದು ಮೊದಲಿನಿಂದಲೂ ಅಲ್ಲಿಯೇ ತತ್ತಿ ಇಡುತ್ತಿತ್ತು. ಮುದುಕಿ ಫೋನು ಮಾಡಿಸಿ, "ನಿಮ್ಮ ಪುಡಿ ಭಾರೀ ಕೆಲಸ ಮಾಡ್ತ ನೋಡ್ರಿ, ತತ್ತಿ ಬ್ಯಾಡ ಸೀದಾ ಮರೀನ ಹಾಕೈತಿ" ಎಂದಳು. ಆ ಊರಿಗೆ ಹೋದಾಗೆಲ್ಲ ಜನ ನನಗೆ ಪುಡಿ ಕೇಳುತ್ತಿದ್ದರು.

ಇಂಥ ತಪ್ಪುಗಳಿಗೆ ನಗಬಹುದು. ಇನ್ನು ಬರೆಯುವುದು ಬೇರೆ ಥರದ್ದು.

ನಾನು ಸೇರಿದ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಐದಾರು ವಾರದ ಕೋಳಿಗಳನ್ನು ಕೊಡುತ್ತಿದ್ದೆವು. ಅವು ಅಷ್ಟು ಹೊತ್ತಿಗೆ ಗರಿ ಬಂದು, ಚಳಿ ತಡೆದುಕೊಂಡು, ಬೆಕ್ಕನ್ನು ಕಂಡರೆ ಓಡುವಷ್ಟು ಬುದ್ಧಿ ಕಲಿತಿರುತ್ತಿದ್ದವು. ನನ್ನ ಸರ್ವೀಸಿನ ಕೊನೆಯಲ್ಲಿ ಪದ್ಧತಿ ಬದಲಾಯಿತು. ಒಂದು ದಿನದ ಮರಿಗಳನ್ನೇ ಕೊಡಿ, ಅವರೇ ಬೆಳೆಸಿಕೊಳ್ಳಲಿ ಎಂದು ಮೇಲಿನಿಂದ ಆದೇಶ ಬಂತು. ತಾಯಿಯಿಲ್ಲದ ಮರಿಗೆ ಮೊದಲ ಮೂರು ವಾರ ಕೃತಕವಾಗಿ ಕಾವು ಕೊಡಬೇಕು. ತಗಡಿನಿಂದ ಸುತ್ತುಗಟ್ಟಿ ಮೇಲೆ ಬಲ್ಬು ತೂಗುಹಾಕಬೇಕು. ಕರೆಂಟು ಇರುವ ಹೊತ್ತಿಗಿಂತ ಇಲ್ಲದ ಹೊತ್ತು ಹೆಚ್ಚಿರುವ ಊರುಗಳಲ್ಲಿ ಇದು ಹೇಗೆ ಎಂದು ನಮ್ಮ ಸಾಹೇಬರನ್ನು ಕೇಳಿದೆ. ನಾಲ್ಕು ತಾಲ್ಲೂಕಿಗೆ ಮೇಲಧಿಕಾರಿಯಾಗಿದ್ದ ಅವರು ಕೆಟ್ಟ ಮನುಷ್ಯರಲ್ಲ, ಆದರೆ ಮೇಲಿನಿಂದ ಬಂದದ್ದನ್ನು ಬಗ್ಗಿ ಕೆಳಗೆ ಇಡುವುದಷ್ಟೇ ತಮ್ಮ ಕೆಲಸ ಎಂದು ತಿಳಿದವರು.

"ಹಂಗಾರ ಕರೆಂಟ್ ಇಲ್ದಾಗ ಏನ್ ಮಾಡ್ಬೇಕು ಅಂತ ಬರ್ದು ಕೊಡ್ರಿ" ಎಂದರು. "ಒಂದs ಹಾಳಿ. ಎರಡನೇ ಹಾಳಿ ಯಾರೂ ಓದೂದಿಲ್ಲ."

ಆ ವರ್ಷ ಮೊದಲ ಮರಿಗಳು ಬಾಗೇವಾಡಿ ಕಡೆ ಹೋದವು. ಡಿಸೆಂಬರಿನ ಥಂಡಿ ಗಾಳಿ. ಮುರಿದ ಕಿಟಕಿ, ಬಾಗಿಲ ಕೆಳಗಿನ ಸಂದು, ಹಂಚಿನ ನಡುವಿನ ಬಿರುಕು. ಮರಿಗಳು ಒಂದರ ಮೇಲೊಂದು ಗುಡ್ಡೆ ಬಿದ್ದು ಸತ್ತವು. ಬೆಳಿಗ್ಗೆ ಹೋಗಿ ನೋಡಿದರೆ ಹೆಣ್ಣುಮಕ್ಕಳು ಸತ್ತ ಮರಿಗಳ ಬುಟ್ಟಿಯನ್ನು ಮುಂದಿಟ್ಟುಕೊಂಡು ಕೂತಿದ್ದರು. ನನಗೆ ಸಿಟ್ಟು ಬಂತು. ಗಾಳಿ ತಡೆಯಿರಿ ಎಂದು ಬಾಯಲ್ಲಿ ಹೇಳಿದ್ದೆ, ಯಾರೂ ತಡೆದಿರಲಿಲ್ಲ. ಅದೇ ಸಿಟ್ಟಿನಲ್ಲಿ ಮನೆಗೆ ಬಂದು 'ಕೋಳಿಮರಿ ಸಾಕುವವರಿಗೆ ಎಂಟು ಸೂಚನೆಗಳು' ಬರೆದೆ. ನಾಲ್ಕನೆಯ ಸೂಚನೆ: 'ಮರಿಗಳಿರುವ ಕೋಣೆಯ ಎಲ್ಲ ಸಂದುಗಳನ್ನು ಗಾಳಿ ನುಸುಳದಂತೆ ಸಂಪೂರ್ಣವಾಗಿ ಮುಚ್ಚಬೇಕು.' ಏಳನೆಯ ಸೂಚನೆ: 'ವಿದ್ಯುತ್ ಇಲ್ಲದಾಗ ಕೋಣೆಯಲ್ಲಿ ಇದ್ದಿಲ ಶೆಗಡಿ ಇಟ್ಟು ಶಾಖ ಕೊಡಬೇಕು.'

ಈಗ ಓದುವವರಿಗೆ ಎರಡನ್ನೂ ಒಟ್ಟಿಗೆ ಇಟ್ಟಿದ್ದೇನೆ, ಆದ್ದರಿಂದ ತಕ್ಷಣ ಕಾಣುತ್ತದೆ. ಹಾಳೆಯಲ್ಲಿ ಇವೆರಡರ ನಡುವೆ ನೀರು ಹಾಗೂ ಕಾಳಿನ ಸೂಚನೆಗಳಿದ್ದವು. ನಾನು ವಿಜಯಪುರದಲ್ಲಿ ಬಿ.ಎಸ್ಸಿ. ಓದಿದವನು. ಮುಚ್ಚಿದ ಜಾಗದಲ್ಲಿ ಇದ್ದಿಲು ಉರಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ಹುಟ್ಟುತ್ತದೆ ಎಂದು ಪರೀಕ್ಷೆಯಲ್ಲಿ ಸಮೀಕರಣ ಸಮೇತ ಬರೆದು ಪಾಸಾದವನು. ಹಾಳೆ ಬರೆಯುವಾಗ ಅದು ನನಗೆ ಹೊಳೆಯಲೇ ಇಲ್ಲ. ಸಾಹೇಬರು ಓದಿ, "ಚಲೋ ಐತಿ, ಚುಟುಕ ಐತಿ" ಎಂದರು. ಸಹಿಯಾಯಿತು, ನೂರಾರು ಪ್ರತಿ ತೆಗೆಸಿದೆವು.

ಸಿಂದಗಿ ತಾಲ್ಲೂಕಿನ ಒಂದು ಊರಿನಲ್ಲಿ ಮರಿ ಹಂಚುವಾಗ ಹುಸೇನಬಿಯ ಪರಿಚಯವಾಯಿತು. ಐವತ್ತರ ಆಸುಪಾಸು. ಗಂಡ ಲಾಲಸಾಬ ಕಬ್ಬಿನ ಹಂಗಾಮಿನಲ್ಲಿ ಲಾರಿ ಓಡಿಸಲು ಹೋಗಿದ್ದ, ಮಗಳನ್ನು ಇಂಡಿಗೆ ಕೊಟ್ಟಿತ್ತು. ಮನೆಯಲ್ಲಿ ಒಬ್ಬಳೇ. ಉಳಿದ ಹೆಂಗಸರು ಹಾಳೆಯನ್ನು ಮಡಚಿ ಕುಪ್ಪಸದೊಳಗೆ ತುರುಕಿಕೊಂಡರೆ, ಈಕೆ ನನ್ನ ಎದುರಿಗೇ ನಿಂತು ಬೆರಳಿಟ್ಟು ಪೂರ್ತಿ ಓದಿದಳು. ಏಳನೇ ಇಯತ್ತೆ ತನಕ ಕಲಿತವಳಂತೆ.

"ಸಂಪೂರ್ಣ ಅಂದ್ರ ಎಷ್ಟ್ರಿ ಸರ್? ಬೆರಳ ಹೋಗುವಷ್ಟು ಸಂದಿ ಇದ್ರ ನಡೀತದೇನ್ರಿ?"

ಹಿಂದೆ ಇನ್ನೂ ಇಪ್ಪತ್ತು ಜನ ಸಾಲಿನಲ್ಲಿದ್ದರು. ಬಾಗೇವಾಡಿಯ ಬುಟ್ಟಿಗಳು ನನ್ನ ಕಣ್ಣ ಮುಂದಿದ್ದವು.

"ಸಂಪೂರ್ಣ ಅಂದ್ರ ಸಂಪೂರ್ಣ ಅಕ್ಕಾರ. ದಾರದ ಎಳಿ ಹೋಗಬಾರದು."

"ಆತ್ರಿ" ಎಂದು ಇಪ್ಪತ್ತೈದು ಮರಿಗಳ ಪೆಟ್ಟಿಗೆ ಎತ್ತಿಕೊಂಡು ಹೋದಳು.

ಮರುದಿನದಿಂದ ಫೋನು ಸುರುವಾಯಿತು. ಮರಿ ನೀರು ಕುಡಿಯಿತು. ಮರಿ ನುಚ್ಚು ತಿಂದಿತು. ಒಂದು ಮರಿ ಉಳಿದವುಗಳ ತಲೆಯ ಮೇಲೆ ಹತ್ತಿ ಮಲಗಿದೆ, ಅದು ಸರಿಯೇ? ನಾಲ್ಕನೆಯ ದಿನ ಹೇಳಿದಳು, "ಸರ್, ರೆಕ್ಕಿ ತುದೀಗೆ ಬಿಳೀದು ಸಣ್ಣಂದು ಬಂದೈತ್ರಿ, ಸೂಜಿಗತೆ. ಅದು ಗರಿ ಏನ್ರಿ?"

"ಹೌದ ಅಕ್ಕಾರ, ಗರೀನ. ಎಲ್ಲಾ ಕೋಳೀಗೂ ಬರ್ತಾವ."

"ಖರೇನ? ಮತ್ತ ನಾ ಮಗಳಿಗೆ ಫೋನ್ ಮಾಡಿ ಹೇಳ್ತೇನ್ರಿ" ಎಂದಳು. ಎಲ್ಲಾ ಕೋಳಿಗೂ ಬರುತ್ತವೆ ಎಂದ ನನ್ನ ಮಾತಿನಿಂದ ಆಕೆಯ ಸಂತೋಷಕ್ಕೆ ಒಂದು ಕೂದಲೂ ಕೊಂಕಿರಲಿಲ್ಲ. ನಾನು ಫೋನು ಇಟ್ಟು, ಇವಳ ಕಾಟ ಇನ್ನು ಐದು ತಿಂಗಳು, ಮೊದಲ ತತ್ತಿ ಬೀಳುವ ತನಕ ಎಂದುಕೊಂಡೆ.

ಏಳನೆಯ ದಿನ ಕಣ್ಣಿಗೆ ಹನಿ ಲಸಿಕೆ. ಬೆಳಿಗ್ಗೆ ಬೇಗ ಬರುತ್ತೇನೆ, ಸಿದ್ಧವಾಗಿರಿ ಎಂದು ಹೇಳಿದ್ದೆ. ಹಿಂದಿನ ದಿನವಿಡೀ ಮೋಡ ಕವಿದು ಗಾಳಿ ಬೀಸಿತ್ತು, ಆ ಭಾಗದಲ್ಲಿ ಕರೆಂಟೂ ಹೋಗಿತ್ತು. ನಾನು ಆರೂವರೆಗೆ ಊರು ಮುಟ್ಟಿದೆ. ಬೈಕಿನ ಚೀಲದಲ್ಲಿ ಫ್ಲಾಸ್ಕು. ಕೈಬೆರಳು ಮರಗಟ್ಟಿದ್ದವು. ಹುಸೇನಬಿಯ ಬಾಗಿಲು ಹಾಕಿತ್ತು. ಎರಡು ಸಲ ಬಡಿದೆ, ಹೆಸರು ಹಿಡಿದು ಕೂಗಿದೆ. ಉತ್ತರ ಬರಲಿಲ್ಲ.

ಆಗ ನನಗೆ ಬಂದದ್ದು ಆತಂಕವಲ್ಲ, ಸಿಟ್ಟು. ಇದನ್ನು ಮುಚ್ಚಿಡುವುದಿಲ್ಲ. ದಿನಕ್ಕೆ ಮೂರು ಸಲ ಫೋನು ಮಾಡುವವಳು ಲಸಿಕೆಯ ದಿನವೇ ಮಲಗಿಬಿಟ್ಟಿದ್ದಾಳೆ, ಇವರೆಲ್ಲ ಒಂದೇ ಎಂದು ಗೊಣಗುತ್ತಾ ಬೈಕಿನ ಹತ್ತಿರ ಬಂದೆ. ಮುಂದಿನ ಊರಿನಲ್ಲಿ ಇನ್ನೂ ಹನ್ನೆರಡು ಮನೆಗಳಿದ್ದವು, ಐಸು ಕರಗುತ್ತಿತ್ತು. ಕಿಕ್ ಹೊಡೆದೆ. ಥಂಡಿಗೆ ಗಾಡಿ ಹೊತ್ತಲಿಲ್ಲ. ಎರಡನೆಯ ಸಲಕ್ಕೆ ಹೊತ್ತಿತು. ಗೇರು ಹಾಕಿದೆ. ಗಾಡಿ ನಾಲ್ಕು ಮಾರು ಮುಂದೆ ಹೋಗಿತ್ತು.

ಎದುರು ಮನೆಯ ಗಂಗವ್ವ ಅಂಗಳಕ್ಕೆ ಸಗಣಿ ನೀರು ಹೊಡೆಯುತ್ತಿದ್ದಳು. ಬಕೆಟು ಕೆಳಗಿಟ್ಟು ಕೇಳಿದಳು, "ಯಾಕ ಹೊಂಟ್ರಿ ಡಾಕ್ಟರ್?"

"ಇನ್ನೂ ಮಕ್ಕೊಂಡಾರ. ಎಬ್ಬಿಸಿ ಹೇಳ್ರಿ, ನಾ ಬಂದು ಹೋದೆ ಅಂತ."

"ಮಕ್ಕೊಂಡಾಳ? ಆಕಿ ನಮಾಜಕ್ಕ ಏಳಾಕಿ. ನಾ ಎದ್ದಾಗ ದಿನಾ ಆಕೀದು ಪಾತ್ರಿ ಸಪ್ಪಳ ಕೇಳ್ತೈತಿ." ಅಷ್ಟು ಹೇಳಿ ಹುಸೇನಬಿಯ ಬಾಗಿಲ ಕಡೆ ತಿರುಗಿದಳು. "ಇವತ್ತ ಕೇಳಿಲ್ಲ ನೋಡ್ರಿ" ಎಂದಳು.

ಗಾಡಿಯ ಎಂಜಿನ್ನು ಆರಿಸಿದೆ. ಬೀದಿ ನಿಶ್ಶಬ್ದವಾಯಿತು. ಆಗ ತಿಳಿಯಿತು, ಮರಿಗಳ ಸದ್ದೂ ಇಲ್ಲ. ಇಪ್ಪತ್ತೈದು ಮರಿಗಳು ಒಂದು ಕೋಣೆಯಲ್ಲಿದ್ದರೆ ಬೆಳಿಗ್ಗೆ ಬೀದಿಯ ಕೊನೆಯವರೆಗೂ ಕಿಚಕಿಚ ಕೇಳಬೇಕು.

ಓಡಿ ಕಿಟಕಿಯ ಹತ್ತಿರ ಹೋದೆ. ಕಿಟಕಿಗೆ ಗೋಣಿಚೀಲ ಬಡಿದು, ಅಂಚಿಗೆಲ್ಲ ಸಗಣಿ ಮಣ್ಣು ಕಲಸಿ ಮೆತ್ತಿತ್ತು. ಬಾಗಿಲ ಕೆಳಗೆ ಹಳೆಯ ಸೀರೆಯನ್ನು ಒಳಗಿನಿಂದ ಒತ್ತಿ ತುಂಬಿತ್ತು. ದಾರದ ಎಳೆ ಹೋಗುವಷ್ಟೂ ಜಾಗವಿರಲಿಲ್ಲ. ಇಷ್ಟು ಚೊಕ್ಕ ಕೆಲಸವನ್ನು ನನ್ನ ಸರ್ವೀಸಿನಲ್ಲಿ ಯಾರೂ ಮಾಡಿರಲಿಲ್ಲ.

ಗಂಗವ್ವ ಕಬ್ಬಿಣದ ಹಾರೆ ತಂದಳು. ಮರಗಟ್ಟಿದ ಬೆರಳುಗಳಲ್ಲಿ ನನಗೆ ಅದನ್ನು ಸಂದಿಗೆ ಕೂಡಿಸಲು ಆಗಲಿಲ್ಲ. ಆಕೆಯೇ ಕಸಿದುಕೊಂಡು ಒತ್ತಿದಳು, ಅಗಳಿ ಕಿತ್ತು ಬಂತು. ಒಳಗಿನಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಹಿತವಾಗಿತ್ತು. ಅಷ್ಟು ಥಂಡಿಯಲ್ಲಿ ಆ ಶಾಖ ಹಿತವಾಗಿತ್ತು ಎಂಬುದನ್ನೇ ನನಗೆ ಇಂದಿಗೂ ಸಹಿಸಲಾಗುವುದಿಲ್ಲ. ತಗಡಿನ ಸುತ್ತಿನ ಪಕ್ಕದಲ್ಲಿ ಶೆಗಡಿ, ಅದರ ಪಕ್ಕದಲ್ಲಿ ಚಾಪೆ. ಮರಿಗಳಷ್ಟೇ ಇರಬಾರದೆಂದು ಆಕೆ ಅಲ್ಲಿಯೇ ಮಲಗಿದ್ದಳು. ಎದ್ದು ಬಾಗಿಲ ಕಡೆ ಬರಲು ನೋಡಿರಬೇಕು, ಅರ್ಧ ದಾರಿಯಲ್ಲಿ ಬೋರಲು ಬಿದ್ದಿದ್ದಳು. ವಾಂತಿಯಾಗಿತ್ತು.

ಇಬ್ಬರೂ ಕೂಡಿ ಕೌದಿಯ ಮೇಲೆ ಎಳೆದು ಅಂಗಳಕ್ಕೆ ತಂದೆವು. ಉಸಿರು ಇತ್ತು, ಆದರೆ ಕರೆದರೆ ಓಗೊಡಲಿಲ್ಲ. ಗಂಗವ್ವ ಬೀದಿಗೆಲ್ಲ ಕೇಳುವಂತೆ ಕೂಗಿ ಒಂದು ಟಂಟಂ ಆಟೋ ನಿಲ್ಲಿಸಿದಳು. ಹುಸೇನಬಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಕೆ, ಎದುರಿಗೆ ನಾನು. ಸಿಂದಗಿಯ ಆಸ್ಪತ್ರೆಯವರೆಗೆ ದಾರಿಯುದ್ದಕ್ಕೂ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಾ ಕೂತಿದ್ದೆ. ಕೆಲವು ಸಲ ಅದು ಏರುತ್ತಿರಲಿಲ್ಲ, ಅಥವಾ ರಸ್ತೆಯ ಕುಲುಕಾಟದಲ್ಲಿ ನನಗೆ ಕಾಣುತ್ತಿರಲಿಲ್ಲ.

ಗಂಗವ್ವ ನನ್ನನ್ನು ನೋಡದೆ ಹೇಳಿದಳು, "ನಿನ್ನಿ ಹೊತ್ತ ಮುಳುಗೂತನ ಸಂದಿ ಮೆತ್ತಾಕತ್ತಿದ್ಲು. ನಾ ಅಂದೆ, ಉಸುರಾಡಾಕರ ಜಾಗಾ ಬಿಡ ಬೇ ಅಂತ. ಡಾಕ್ಟರ್ ಬರ್ದಾರ, ನಿನಗೇನ್ ಗೊತ್ತು ಅಂದ್ಲು."



ಆಸ್ಪತ್ರೆಯ ಡಾಕ್ಟರು ಎಳೆಯ ವಯಸ್ಸಿನವರು. ಆಮ್ಲಜನಕದ ಮುಖವಾಡ ಹಾಕುತ್ತಲೇ, "ಒಳಗ ಏನ್ ಹೊತ್ತಿಸಿದ್ರು?" ಎಂದು ಕೇಳಿದರು. ಶೆಗಡಿ ಎಂದೆ. "ಬಾಗಿಲಾ ಹಾಕ್ಕೊಂಡು?" ಹೌದು ಎಂದೆ. "ಯಾರ ಹೇಳಿದ್ರಿ ಹಿಂಗ ಮಾಡಾಕ?" ಎಂದರು. ಅವರಿಗೆ ಅದಕ್ಕೆ ಉತ್ತರ ಬೇಕಾಗಿರಲಿಲ್ಲ, ಸುಮ್ಮನೆ ಬೇಸರಕ್ಕೆ ಕೇಳಿದ್ದು. ನಾನೂ ಕೊಡಲಿಲ್ಲ. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಅವರು ನರ್ಸಿಗೆ ಹೇಳಿದ್ದು ಕೇಳಿಸಿತು. ಆ ಸ್ವಲ್ಪ ಎಂದರೆ ಎಷ್ಟು ಎಂದು ಇಂದಿಗೂ ಲೆಕ್ಕ ಹಾಕುತ್ತೇನೆ. ಗಾಡಿ ಮೊದಲ ಕಿಕ್ಕಿಗೇ ಹೊತ್ತಿದ್ದರೆ. ಗಂಗವ್ವ ಬಕೆಟು ತುಂಬಲು ಒಳಗೆ ಹೋಗಿದ್ದರೆ. ಪೇಟೆಯಲ್ಲಿ ಯಾರಾದರೂ ಬೈಕಿಗೆ ಕಿಕ್ ಹೊಡೆದ ಸದ್ದು ಕೇಳಿದರೆ ನಾನು ಈಗಲೂ ನಿಂತುಬಿಡುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಆಕೆ ಕಣ್ಣು ತೆರೆದಳು. ತಲೆ ಸಿಡಿಯುತ್ತಿದೆ ಎಂದಳು. ನಂತರ ನನ್ನನ್ನು ಗುರುತಿಸಿ, ಮುಖವಾಡ ಸರಿಸಿ ಕೇಳಿದಳು, "ಲಸಿಕಿ ಹಾಕಿದ್ರೇನ್ರಿ?"

ಫ್ಲಾಸ್ಕು ಆಕೆಯ ಅಂಗಳದಲ್ಲಿ ನಿಂತ ಬೈಕಿನಲ್ಲೇ ಉಳಿದಿತ್ತು. ಹದಿನೇಳು ಮರಿಗಳು ಸತ್ತಿದ್ದವು, ಎಂಟನ್ನು ಊರಿನವರು ಎತ್ತಿ ಗಂಗವ್ವನ ಮನೆಯ ಬುಟ್ಟಿಯಲ್ಲಿ ಬಿಟ್ಟಿದ್ದರು ಎಂದು ಊರಿನಿಂದ ಫೋನು ಬಂದಿತ್ತು. ಹೇಳಿದೆ. "ನಾನs ಎಲ್ಲೋ ತಪ್ಪ ಮಾಡೇನ್ರಿ" ಎಂದಳು.

ಅಲ್ಲಿಯೇ ಹೇಳಬಹುದಾಗಿತ್ತು. ಹೇಳಲಿಲ್ಲ.

ಮರುದಿನ ಸಾಹೇಬರು ವರದಿ ಕೇಳಿದರು. ನಾಲ್ಕು ಮತ್ತು ಏಳು ಕೂಡಿದರೆ ಏನಾಗುತ್ತದೆ ಎಂದು ವಿವರಿಸಿದೆ. ಅವರು ಹಾಳೆಯನ್ನು ಕನ್ನಡಕದ ಹತ್ತಿರ ತಂದು ಓದಿದರು.

"ಎಂಟರಾಗ ಎಲ್ಲೆರೆ, ನೀವೂ ಅಲ್ಲೇ ಮಕ್ಕೋರಿ ಅಂತ ಬರ್ದೀರೇನು?"

"ಇಲ್ರಿ."

"ಮತ್ತ? ಫಲಾನುಭವಿಯ ನಿರ್ಲಕ್ಷ್ಯ ಅಂತ ಬರೀರಿ, ಮುಗೀತು. ನಿಮಗ ರಿಟೈರ್ ಆಗಾಕ ಆರ ತಿಂಗಳ ಐತಿ. ಯಾಕ ಬೇಕ ಇದೆಲ್ಲಾ?"

ಬರೆದೆ. ನನ್ನ ಮಾತನ್ನು ಒಂದಕ್ಷರ ಬಿಡದೆ ಪಾಲಿಸಿದ ಒಬ್ಬಳೇ ಒಬ್ಬಳನ್ನು ನಿರ್ಲಕ್ಷ್ಯದವಳು ಎಂದು ಬರೆದು ಸಹಿ ಮಾಡಿದೆ. ಬಾಗಿಲು ಮೀಟಲು ಆಗದ ಕೈ ಆವತ್ತು ನೆಟ್ಟಗೆ ಬರೆಯಿತು.

ಆದರೆ ಹಾಳೆಗಳು ನಾಲ್ಕು ತಾಲ್ಲೂಕಿನ ಮನೆಗಳಲ್ಲಿದ್ದವು. ಇನ್ನೂ ಥಂಡಿ ಇತ್ತು, ಮರಿಗಳು ಸಣ್ಣವಿದ್ದವು. ಅದೇ ದಿನದಿಂದ ಹಾಳೆ ವಾಪಸು ತರಲು ಹೊರಟೆ. ಫೋನು ಹತ್ತಿದವರಿಗೆ ಫೋನಿನಲ್ಲಿ ಹೇಳಿದೆ, ಹತ್ತದವರ ಮನೆಗೆ ಹೋದೆ. ಬೈಕಿನ ಮೇಲೆ ಇಂಡಿಯ ಕಡೆಯ ಹಳ್ಳಿಗಳು, ಮುದ್ದೇಬಿಹಾಳದ ಕಡೆಯ ಹಳ್ಳಿಗಳು, ಬೆಳಗಿನಿಂದ ಸಂಜೆಯವರೆಗೆ. ಹೋದಲ್ಲೆಲ್ಲ ಒಂದೇ ಕಥೆ. ಒಂದು ಮನೆಯಲ್ಲಿ ಹಾಳೆಯನ್ನು ಖಾರದ ಡಬ್ಬಿಯ ಕೆಳಗೆ ಹಾಸಿದ್ದರು. ಇನ್ನೊಂದು ಮನೆಯಲ್ಲಿ ಅದರಲ್ಲಿ ಚುರುಮುರಿ ಕಟ್ಟಿತ್ತು. ಮುದ್ದೇಬಿಹಾಳದ ಕಡೆಯ ಒಬ್ಬಾಕೆ ಮಾತ್ರ ಅದನ್ನು ಜೋಪಾನವಾಗಿ ದೇವರ ಫೋಟೋದ ಹಿಂದೆ ಇಟ್ಟಿದ್ದಳು.

"ಓದೀರೇನವ್ವ?" ಎಂದು ಕೇಳಿದೆ.

"ಇಲ್ರಿ. ಸರ್ಕಾರದ್ದು ಕಾಗದ, ಮುಂದ ಬೇಕಾಗ್ತೈತಿ ಅಂತ ಇಟ್ಟೇನಿ."

"ಮರಿಗೆ ಕಾವು ಹೆಂಗ ಕೊಟ್ರಿ?"

"ಕಾವ? ನಮ್ಮದೊಂದು ಹ್ಯಾಂಟಿ ಕಾವಿಗೆ ಕೂತಿತ್ರಿ. ಸಂಜೀ ಮುಂದ ಅದರ ಬುಡಕ ಬಿಟ್ಟೆ. ತನ್ನವs ಅಂತ ತಿಳ್ಕೊಂಡೈತಿ."

ಅಂಗಳದಲ್ಲಿ ಆ ಹೇಂಟೆ ಇಲಾಖೆಯ ಮರಿಗಳನ್ನು ರೆಕ್ಕೆಯಡಿ ಹಾಕಿಕೊಂಡು ನನ್ನನ್ನು ಕಂಡು ಗರಿ ಕೆದರಿತು. ಮೂವತ್ತು ವರ್ಷ ಇವರು ಮಾತು ಕೇಳುವುದಿಲ್ಲವೆಂದು ಮನೆಯಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ ಗೊಣಗಿದ್ದೆ. ಆ ವಾರ ಮನೆಯಿಂದ ಮನೆಗೆ ಹೋಗಿ, ಇವರು ಕೇಳದೇ ಇದ್ದದ್ದಕ್ಕೆ ಒಳಗೊಳಗೇ ಕೈ ಮುಗಿದೆ. ಹಾಳೆಗಳನ್ನು ಮನೆಗೆ ತಂದು ಸುಟ್ಟೆ. ವರದಿಯನ್ನು ಬದಲಿಸಿ ಕೊಡುತ್ತೇನೆ ಎಂದು ಸಾಹೇಬರನ್ನು ಕೇಳಿದಾಗ, ಫೈಲು ಮೇಲೆ ಹೋಗಿದೆ, ಹೋದ ಫೈಲು ಬರುವುದಿಲ್ಲ ಎಂದರು.

ಹುಸೇನಬಿಯ ಗಂಡ ಹಂಗಾಮು ಮುಗಿಸಿ ಬಂದು, ಇನ್ನು ಮನೆಯಲ್ಲಿ ಕೋಳಿ ಬೇಡ ಎಂದನಂತೆ. ಆಕೆ ಕೇಳಲಿಲ್ಲ. ಎಂಟನ್ನೂ ಬೆಳೆಸಿದಳು. ನನಗೆ ಮಾತ್ರ ಫೋನು ಬರುವುದು ನಿಂತಿತ್ತು. ಒಂದು ಬೆಳಿಗ್ಗೆ ಮತ್ತೆ ಆಕೆಯ ಹೆಸರು ಫೋನಿನಲ್ಲಿ ಮೂಡಿತು. ಐದು ತಿಂಗಳಾಗಿತ್ತು, ಯಾಕೆ ಮಾಡಿದ್ದಾಳೆಂದು ನನಗೆ ಗೊತ್ತಿತ್ತು. ಎತ್ತಲು ಮನಸ್ಸು ಬರಲಿಲ್ಲ. ಆ ಸಂತೋಷಕ್ಕೆ ಹೂಂಗುಟ್ಟುವ ಯೋಗ್ಯತೆ ನನಗಿಲ್ಲ ಎನಿಸಿ, ಫೋನು ಸುಮ್ಮನಾಗುವ ತನಕ ನೋಡುತ್ತಾ ನಿಂತೆ.

ನಿವೃತ್ತಿಗೆ ಹದಿನೈದು ದಿನವಿರುವಾಗ ಇಂಡಿಯಲ್ಲಿ ಹೆಣ್ಣುಮಕ್ಕಳಿಗೆ ಒಂದು ತರಬೇತಿ ನಡೆಯಿತು. ಹೊಸ ಮರಿಗಳು ಬಂದಿದ್ದವು. ಅರವತ್ತು ಎಪ್ಪತ್ತು ಜನ ಜಮಖಾನೆಯ ಮೇಲೆ ಕೂತಿದ್ದರು, ಮುಂದೆ ಸಾಹೇಬರು, ಪಕ್ಕದಲ್ಲಿ ನಾನು. ಮಗಳ ಮನೆಗೆ ಬಂದಿದ್ದ ಹುಸೇನಬಿಯೂ ಬಂದಿದ್ದಳು. ಮರಿ ಸಾಕಿ ಅನುಭವವಿದ್ದವರು ನಾಲ್ಕು ಮಾತು ಹೇಳಿ ಎಂದಾಗ ಆಕೆಯೇ ಎದ್ದು ನಿಂತಳು.

"ಶೆಗಡಿ ಇಡಬ್ಯಾಡ್ರೆವ್ವ" ಎಂದಳು. "ನಾ ಇಟ್ಟು ಸಾಯಾಕ ಬಂದಿದ್ದೆ. ಸರ್ ಚಲೋತ್ನಾಗ ಬರ್ದು ಕೊಟ್ಟಿದ್ರು. ನನಗ ತಿಳೀಲಿಲ್ಲ. ಕಡಿಮಿ ಕಲ್ತಾಕಿ, ಎಲ್ಲೋ ಒಂದು ತಪ್ಪ ಓದೇನಿ. ನೀವು ಸರಿಯಾಗಿ ಓದ್ಕೋರಿ, ತಿಳೀದಿದ್ರ ಸರ್‌ಗೆ ಕೇಳ್ರಿ."

ಅಷ್ಟು ತಿಂಗಳೂ ಆಕೆ ಆ ಹಾಳೆಯನ್ನು ತಲೆಯಲ್ಲಿ ಓದಿ ಓದಿ, ತನ್ನ ತಪ್ಪು ಎಲ್ಲಿದೆ ಎಂದು ಹುಡುಕಿದ್ದಳು. ಕೂತಿದ್ದ ಹೆಂಗಸರು ಆಕೆಯನ್ನು ಪಾಪ ಎಂಬಂತೆ ನೋಡಿದರು. ಸಾಹೇಬರು ತಲೆಯಾಡಿಸಿದರು.

ನಾನು ಎದ್ದೆ. ಸಾಹೇಬರು ನನ್ನ ಅಂಗಿಯ ತುದಿ ಹಿಡಿದು ಮೆಲ್ಲಗೆ, "ಕುಂದ್ರಿ, ಕುಂದ್ರಿ" ಎಂದರು.

"ಆಕಿ ತಪ್ಪ ಓದಿಲ್ಲ" ಎಂದೆ. "ನಾ ತಪ್ಪ ಬರ್ದಿದ್ದೆ. ಸಂದಿ ಮುಚ್ರಿ ಅಂತ ನಾನs ಬರ್ದೆ, ಶೆಗಡಿ ಇಡ್ರಿ ಅಂತ ನಾನs ಬರ್ದೆ. ಬೆರಳ ಹೋಗುವಷ್ಟು ಜಾಗಾ ಬಿಡ್ಲೇನು ಅಂತ ಆಕಿ ಕೇಳಿದ್ಲು, ಬ್ಯಾಡ ಅಂದಾಂವ ನಾನು. ಆಕಿ ಹೇಳಿದಂಗ ಮಾಡಿದ್ಲು. ಆಮ್ಯಾಲ ಆಕೀದs ತಪ್ಪು ಅಂತ ವರದಿ ಬರ್ದಾಂವನೂ ನಾನs."

ಹುಸೇನಬಿ ನಿಂತೇ ಇದ್ದಳು. ನನ್ನ ಕಡೆ ನೋಡಿದಳು, ಸಿಟ್ಟೋ ಏನೋ ಗೊತ್ತಾಗಲಿಲ್ಲ. "ಮತ್ತ ಇದನ್ನ ಆವತ್ತs ಯಾಕ ಹೇಳಲಿಲ್ರಿ?" ಎಂದಳು. "ನಾ ಇಷ್ಟ ದಿನ ನನ್ನ ತಲಿಯಾಗs ದೋಷ ಐತಿ ಅಂತ ಕುಂತಿದ್ನೆಲ್ರಿ."

ಆಕೆ ಕೂತಳು. ಜಮಖಾನೆಯ ಮೇಲೆ ಗುಸುಗುಸು ಎದ್ದಿತು. ನಾನು ಮರಿಗೆ ಕಾವು ಕೊಡುವುದು ಹೇಗೆ ಎಂದು ಮೊದಲಿನಿಂದ ಹೇಳತೊಡಗಿದೆ. ಮನುಷ್ಯರು ಮಲಗುವ ಕೋಣೆಯಲ್ಲಿ ಮರಿ ಬೇಡ, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಬೇಡವೇ ಬೇಡ. ಕಾವಿಗೆ ಕೂತ ಹೇಂಟೆ ಇದ್ದರೆ ಅದರ ಹತ್ತಿರ ಬಿಡಿ. ಇಲ್ಲದಿದ್ದರೆ ಮಳೆ, ಥಂಡಿಯ ದಿನಗಳಲ್ಲಿ ಮರಿಯನ್ನೇ ತೆಗೆದುಕೊಳ್ಳಬೇಡಿ, ನನ್ನ ಮೇಲೆ ಸಿಟ್ಟಾದರೂ ಪರವಾಗಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಕೈ ಎತ್ತಿದಳು. "ಈಗ ಹೇಳೂದರ ಖರೇ ಐತೇನ್ರಿ ಸರ್?"

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಹುಸೇನಬಿ ನಗಲಿಲ್ಲ. ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು, ಉತ್ತರ ಬೇಕೆಂಬಂತೆ ನನ್ನನ್ನೇ ನೋಡುತ್ತಿದ್ದಳು.

"ನನಗ ತಿಳಿದಷ್ಟು ಖರೇ ಐತಿ" ಎಂದೆ. "ಆದ್ರ ನಾ ಹೇಳಿದ್ನೆಂತ ಮಾಡಬ್ಯಾಡ್ರಿ. ಎದುರ ಮನ್ಯಾಕಿ ಉಸುರಾಡಾಕ ಜಾಗಾ ಬಿಡು ಅಂದ್ರ, ಮದಲ ಆಕೀ ಮಾತ ಕೇಳ್ರಿ."